ಮುಳ್ಳಿನ ಸೀಮೆಯಲ್ಲಿ ಹವಾದ ಪಂಪು: ಸೈಕಲ್ಲಿಗೆ ಸರಿಯಾದುದನ್ನು ಆಯುವ ಬಗೆ

ಹುಣಸಗಿಯಿಂದ ಕೊಡೇಕಲ್ಲಿನ ಕಡೆಗೋ ನಾರಾಯಣಪುರದ ಕಡೆಗೋ ಸೈಕಲ್ಲಿನ ಮೇಲೆ ಹೊರಟವನಿಗೆ, ಊರಿನ ಕೊನೆಯ ಮನೆ ಹಿಂದೆ ಬಿದ್ದ ಮೇಲೆ, ಒಂದು ಮಗ್ಗುಲಿಗೆ ಎರೆಯ ಹೊಲ, ಇನ್ನೊಂದು ಮಗ್ಗುಲಿಗೆ ಕಾಲುವೆಯ ಏರಿ, ಎರಡರ ನಡುವೆ ಬಿಡುವಿಲ್ಲದೆ ಹಬ್ಬಿಕೊಂಡಿರುವ ಬಳ್ಳಾರಿ ಜಾಲಿ, ಇವಿಷ್ಟೇ ದಾರಿಯ ಸಂಗಾತಿಗಳಾಗಿ ಉಳಿಯುತ್ತವೆ. ಜಾಲಿಯ ಮುಳ್ಳು ಉದ್ದವಾದುದು, ಗಟ್ಟಿಯಾದುದು. ಅದು ಹೊಕ್ಕಾಗ ಹವಾ ಒಮ್ಮೆಗೇ ಹೋಗುತ್ತದೆ. ನೆಲಕ್ಕೆ ಅಂಟಿ ಬೆಳೆಯುವ ನೆಗ್ಗಿಲಿನ ಮುಳ್ಳು ಕಿರಿದು; ಅದು ಚುಚ್ಚಿದ್ದು ತಿಳಿಯುವುದೇ ಇಲ್ಲ, ಮರುದಿನ ಬೆಳಗ್ಗೆ ಗಾಲಿ ನೆಲಕ್ಕೆ ಕುಳಿತಿರುತ್ತದೆ. ಪಟ್ಟಣದಲ್ಲಿ ಹೀಗಾದರೆ ಎರಡು ಓಣಿ ದಾಟಿದರೆ ಪಂಚರ್ ಅಂಗಡಿಯುಂಟು. ಇಲ್ಲಿ ಒಂದು ಊರಿಗೂ ಮುಂದಿನ ಊರಿಗೂ ನಡುವೆ ಇರುವುದು ಬಿಸಿಲು ಮಾತ್ರ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೇಸಗೆಯ ಮಧ್ಯಾಹ್ನ ಇಂಥ ದಾರಿಯ ನಡುವೆ ಹಿಂದಿನ ಗಾಲಿ ಕುಳಿತುಬಿಟ್ಟಿತು. ಚೀಲದಲ್ಲಿ ಪ್ಯಾಚು ಇತ್ತು, ಸೊಲ್ಯೂಷನ್ ಇತ್ತು, ಉಜ್ಜುವ ಕಾಗದವೂ ಇತ್ತು. ಟ್ಯೂಬನ್ನು ಹೊರತೆಗೆದು, ರಂಧ್ರವನ್ನು ಹುಡುಕಿ, ಪ್ಯಾಚನ್ನು ಚೆನ್ನಾಗಿಯೇ ಅಂಟಿಸಿದ್ದೂ ಆಯಿತು. ಆದರೆ ಅದರೊಳಗೆ ತುಂಬಲು ಹವಾ ಇರಲಿಲ್ಲ. ದುರಸ್ತಿಯಾದ ಸೈಕಲ್ಲನ್ನು ದುರಸ್ತಿಯಾಗದ ಸೈಕಲ್ಲಿನಂತೆಯೇ ತಳ್ಳಿಕೊಂಡು ಮನೆ ಸೇರಿದಾಗ ಹೊತ್ತು ಮುಳುಗಿತ್ತು. ನಾಲ್ಕು ದಿಕ್ಕಿಗೂ ಹವೆಯೇ ತುಂಬಿರುವ ಬಯಲಿನಲ್ಲಿ ನಿಂತು, ಅದರ ಕೆಲವು ಲೀಟರುಗಳನ್ನು ಗಾಲಿಯೊಳಗೆ ಸೇರಿಸುವ ಸಾಧನವಿಲ್ಲದೆ ಸೋತುದರ ನೆನಪು, ಈ ಲೇಖನಕ್ಕೆ ಮೂಲ ಪ್ರೇರಣೆ.

ಈಗ ಪೇಟೆಯಲ್ಲಿ ಹವಾ ತುಂಬುವ ಸಾಧನಗಳಿಗೆ ಕೊರತೆಯಿಲ್ಲ. ನಿಂತು ಒತ್ತುವ ಪಂಪು, ಸೈಕಲ್ಲಿನ ಚೌಕಟ್ಟಿಗೆ ಸಿಕ್ಕಿಸುವ ಕಿರಿಯ ಕೈಪಂಪು, ಅದುಮಿದ ಅನಿಲ ತುಂಬಿದ ಗುಂಡು, ಅಂಗಿಯ ಜೇಬಿನಲ್ಲಿ ಹಿಡಿಯುವ ಬ್ಯಾಟರಿ ಪಂಪು ಎಂದು ಬಗೆಬಗೆಯಾಗಿ ಅವು ಬಂದಿವೆ. ಕೊಳ್ಳುವವನು ಸಾಮಾನ್ಯವಾಗಿ ಬೆಲೆಯನ್ನು ಕೇಳುತ್ತಾನೆ, ಡಬ್ಬಿಯ ಮೇಲೆ ಮುದ್ರಿಸಿದ ಅತ್ಯಧಿಕ ಒತ್ತಡದ ಅಂಕಿಯನ್ನು ನೋಡುತ್ತಾನೆ, ಮತ್ತು ತನಗೆ ಬೇಕಾದುದು ಅದೇ ಎಂದು ತಿಳಿದು ಮನೆಗೆ ತರುತ್ತಾನೆ. ಈ ಕ್ರಮ ತಲೆಕೆಳಗಾದುದು. ಸರಿಯಾದ ಕ್ರಮಕ್ಕೆ ನಮ್ಮ ನೆಲದಲ್ಲಿಯೇ ಹಳೆಯ ನಿದರ್ಶನವುಂಟು. ಹುಣಸಗಿಯ ಸಮೀಪದ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ ಬೆಳಕಿಗೆ ಬಂದ ಹಳೆಯ ಶಿಲಾಯುಗದ ಕಾರ್ಯಸ್ಥಳವು ಜಗತ್ಪ್ರಸಿದ್ಧವಾದುದು. ಅಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳಲ್ಲಿ ತಮ್ಮ ಆಯುಧಕ್ಕೆ ತಕ್ಕ ದಪ್ಪ, ತಕ್ಕ ಗಾತ್ರದ ಚಪ್ಪಡಿಗಳನ್ನೇ ಆಯ್ದು ಒಡೆದಿದ್ದಾರೆ. ಮಾಡಬೇಕಾದ ಕೆಲಸವನ್ನು ಮೊದಲು ಅರಿತು, ಬಳಿಕ ಸಾಧನವನ್ನು ಆಯುವ ಆ ವಿವೇಕವು ಈ ನೆಲಕ್ಕೆ ಹೊಸದಲ್ಲ. ಹವಾದ ಪಂಪಿನ ವಿಷಯದಲ್ಲಿ ನಾವು ಅನುಸರಿಸಬೇಕಾದುದೂ ಅದನ್ನೇ: ಮೊದಲು ಗಾಲಿ, ಆಮೇಲೆ ವಾಲ್ವು, ಕೊನೆಗೆ ಪಂಪು.

ಮೊದಲು ಗಾಲಿಯನ್ನು ಓದಿ

ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಲ್ಲಿ ಎರಡು ವಿಷಯಗಳು ಅಚ್ಚಾಗಿರುತ್ತವೆ. ಒಂದು ಅಳತೆ, ಇನ್ನೊಂದು ಒತ್ತಡ. ಹಿರಿಯರು ಬಳಸುವ ಕರಿಯ ಸಾದಾ ಸೈಕಲ್ಲಿನ ಮೇಲೆ 28 x 1½ ಎಂದೂ, ಮಕ್ಕಳು ಇಷ್ಟಪಡುವ ದಪ್ಪ ಟೈರಿನ ಗೇರ್ ಸೈಕಲ್ಲಿನ ಮೇಲೆ 26 x 1.95 ಅಥವಾ ಅದರ ಆಸುಪಾಸಿನ ಅಂಕಿಯೂ, ದೂರದ ಓಟಕ್ಕೆಂದು ಮಾಡಿದ ತೆಳುಗಾಲಿಯ ಸೈಕಲ್ಲಿನ ಮೇಲೆ 700 x 25 ಎಂದೂ ಇರುವುದು ವಾಡಿಕೆ. ಒತ್ತಡವನ್ನು ಪಿಎಸ್‌ಐ ಎಂಬ ಮಾನದಲ್ಲಿ, ಕೆಲವೊಮ್ಮೆ ಬಾರ್ ಎಂಬ ಮಾನದಲ್ಲಿ ಹೇಳಿರುತ್ತಾರೆ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಸಾದಾ ಸೈಕಲ್ಲಿಗೆ ಸಾಧಾರಣವಾಗಿ 40ರಿಂದ 60, ದಪ್ಪ ಟೈರಿಗೆ 30ರಿಂದ 50, ತೆಳುಗಾಲಿಗೆ 80ರಿಂದ 100 ಪಿಎಸ್‌ಐ ಬೇಕಾಗುತ್ತದೆ. ಆದರೆ ನಿಮ್ಮ ಟೈರಿನ ಮೇಲೆ ಅಚ್ಚಾಗಿರುವ ಮಿತಿಯೇ ಪ್ರಮಾಣ.

ಇಲ್ಲಿಯೇ ಬಹುಜನರಿಗೆ ಒಂದು ಭ್ರಮೆಯುಂಟು. ಒತ್ತಡ ಹೆಚ್ಚು ಬೇಡುವ ಗಾಲಿಯೇ ಹವೆಯನ್ನೂ ಹೆಚ್ಚು ಬೇಡುತ್ತದೆಂದು ಅವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯಾಗುತ್ತದೆ. 700 x 25ರ ತೆಳುಗಾಲಿಯ ಒಳಗಿನ ಅವಕಾಶ ಸುಮಾರು ಒಂದು ಲೀಟರು. ಅದನ್ನು ಪೂರ್ಣ ಬರಿದಾದ ಸ್ಥಿತಿಯಿಂದ 90 ಪಿಎಸ್‌ಐವರೆಗೆ ತುಂಬಲು ಹೊರಗಿನ ಹವೆ ಸುಮಾರು 7 ಲೀಟರು ಸಾಕು. ಸಾದಾ ಸೈಕಲ್ಲಿನ ಗಾಲಿಯ ಅವಕಾಶ ಎರಡು ಲೀಟರಿಗಿಂತ ತುಸು ಹೆಚ್ಚು. 50 ಪಿಎಸ್‌ಐಗೆ ಅದು ಸುಮಾರು 10 ಲೀಟರನ್ನು ಬೇಡುತ್ತದೆ. 26 x 1.95ರ ದಪ್ಪ ಗಾಲಿಯ ಅವಕಾಶ ಸುಮಾರು ಮೂರೂವರೆ ಲೀಟರು. ಬರಿಯ 40 ಪಿಎಸ್‌ಐಗೇ ಅದಕ್ಕೆ ಸುಮಾರು 13 ಲೀಟರು ಬೇಕು. ಆದುದರಿಂದ, 120 ಪಿಎಸ್‌ಐವರೆಗೆ ತುಂಬಬಲ್ಲೆನೆಂದು ಡಬ್ಬಿಯ ಮೇಲೆ ಹೇಳಿಕೊಳ್ಳುವ ಪುಟ್ಟ ಪಂಪು, ತೆಳುಗಾಲಿಯನ್ನು ಒಂದು ಬಾರಿ ತುಂಬಿಯೂ ದಪ್ಪ ಗಾಲಿಯೊಂದನ್ನು ಪೂರ್ತಿ ತುಂಬಲಾರದೆ ನಿಂತುಬಿಡುವುದು ಸಾಧ್ಯ. ಪಂಪಿನ ಶಕ್ತಿಯನ್ನು ಒತ್ತಡದಿಂದ ಮಾತ್ರವಲ್ಲ, ಅದು ಎಷ್ಟು ಹವೆಯನ್ನು ಸಾಗಿಸಬಲ್ಲದೆಂಬುದರಿಂದಲೂ ಅಳೆಯಬೇಕು.

ವಾಲ್ವಿನ ಜಾತಿ

ಎರಡನೆಯದಾಗಿ ನೋಡಬೇಕಾದುದು ವಾಲ್ವು. 1887ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ಪನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಹವಾ ತುಂಬಿದ ಟೈರನ್ನು ರೂಪಿಸಿದಂದಿನಿಂದ, ಒಳಗೆ ಹೋದ ಹವೆಯನ್ನು ಹೊರಗೆ ಬಾರದಂತೆ ತಡೆಯುವ ಈ ಸಣ್ಣ ಬಾಗಿಲಿನ ವಿಷಯದಲ್ಲಿ ಮೂರು ಸಂಪ್ರದಾಯಗಳು ನೆಲೆನಿಂತಿವೆ. ನಮ್ಮ ಸಾದಾ ಸೈಕಲ್ಲುಗಳಲ್ಲಿ ಇರುವುದು ವುಡ್ಸ್ ವಾಲ್ವು. ಲೋಹದ ಕಡ್ಡಿಯ ಮೇಲೆ ಸಣ್ಣ ರಬ್ಬರು ನಳಿಗೆಯನ್ನು, ಅಂದರೆ ನಾವು ವಾಲ್‌ಟ್ಯೂಬ್ ಎಂದು ಕರೆಯುವುದನ್ನು, ಏರಿಸಿ ಅದನ್ನು ಮಾಡಿರುತ್ತಾರೆ. ಮೋಟಾರು ಸೈಕಲ್ಲು ಕಾರುಗಳಲ್ಲಿರುವ ದಪ್ಪ ವಾಲ್ವಿಗೆ ಶ್ರೇಡರ್ ಎಂದು ಹೆಸರು. ದಪ್ಪ ಟೈರಿನ ಗೇರ್ ಸೈಕಲ್ಲುಗಳಲ್ಲಿ ಅದು ಸಾಮಾನ್ಯ. ತೆಳುವಾಗಿ ಉದ್ದವಾಗಿ, ತುದಿಯಲ್ಲಿ ಸಡಿಲಿಸುವ ಪುಟ್ಟ ತಿರುಪಿನೊಡನೆ ಇರುವುದು ಪ್ರೆಸ್ಟಾ; ಅದು ತೆಳುಗಾಲಿಯ ಸೈಕಲ್ಲಿನದು.

ಬ್ಯಾಟರಿ ಪಂಪುಗಳು ಬಹುಮಟ್ಟಿಗೆ ಶ್ರೇಡರ್ ವಾಲ್ವಿಗೆ ಹೊಂದುವ ಬಾಯಿಯೊಡನೆ ಬರುತ್ತವೆ. ಉಳಿದ ಎರಡಕ್ಕೂ ನಡುವೆ ಸಿಕ್ಕಿಸುವ ಚಿಕ್ಕ ಜೋಡಣೆಯ ತುಂಡು ಬೇಕಾಗುತ್ತದೆ. ಪ್ರೆಸ್ಟಾ ವಾಲ್ವಿನ ತುಂಡೇ ವುಡ್ಸ್ ವಾಲ್ವಿಗೂ ಸಾಮಾನ್ಯವಾಗಿ ಹೊಂದುತ್ತದೆ. ಹಿತ್ತಾಳೆಯ ಈ ತುಂಡು ಬೆರಳಿನ ಉಗುರಿಗಿಂತ ದೊಡ್ಡದಲ್ಲ; ಕಳೆದುಹೋದರೆ ಸಾವಿರಾರು ರೂಪಾಯಿಯ ಪಂಪೂ ಕೆಲಸಕ್ಕೆ ಬಾರದು. ಪಂಪಿನ ದೇಹದಲ್ಲಿಯೇ ಅದನ್ನು ಇಡಲು ಸ್ಥಳವಿದ್ದರೆ ಅದು ಶ್ಲಾಘ್ಯವಾದ ಗುಣವೆಂದು ತಿಳಿಯಿರಿ. ಇಲ್ಲದಿದ್ದರೆ ಎರಡನ್ನು ಕೊಂಡು ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಖಾಯಂ ಇರಿಸಿ.

ವುಡ್ಸ್ ವಾಲ್ವಿನ ಬಗ್ಗೆ ಇನ್ನೊಂದು ಮಾತನ್ನು, ಅಂಗಡಿಯವರು ಬಹುಶಃ ಹೇಳದಿರುವ ಮಾತನ್ನು, ಇಲ್ಲಿ ವಿಶದವಾಗಿ ಹೇಳಬೇಕಾಗಿದೆ. ಬ್ಯಾಟರಿ ಪಂಪಿನ ಮುಖ್ಯ ಆಕರ್ಷಣೆಯೆಂದರೆ ನಾವು ಗೊತ್ತುಮಾಡಿದ ಒತ್ತಡ ಬಂದೊಡನೆ ಅದು ತಾನಾಗಿ ನಿಲ್ಲುವುದು. ಹಾಗೆ ನಿಲ್ಲಬೇಕಾದರೆ ಪಂಪಿನೊಳಗಿನ ಮಾಪಕಕ್ಕೆ ಟ್ಯೂಬಿನೊಳಗಿನ ಒತ್ತಡ ಗೋಚರವಾಗಬೇಕು. ವುಡ್ಸ್ ವಾಲ್ವಿನ ರಬ್ಬರು ನಳಿಗೆಯಾದರೋ ಒಳಗಿನ ಹವೆಯನ್ನು ಹೊರಗೆ ಬಿಡುವುದೇ ಇಲ್ಲ; ಪಂಪು ಆ ನಳಿಗೆಯನ್ನು ಹಿಗ್ಗಿಸಿ ಒಳನುಗ್ಗುವಷ್ಟು ಅಧಿಕ ಒತ್ತಡವನ್ನು ತಾನೇ ಉಂಟುಮಾಡಬೇಕು. ಹೀಗಾಗಿ ಮಾಪಕವು ತೋರಿಸುವುದು ಟ್ಯೂಬಿನ ಒತ್ತಡವನ್ನಲ್ಲ, ಅದಕ್ಕಿಂತ ಹೆಚ್ಚಾದ ಪಂಪಿನ ಒತ್ತಡವನ್ನು. ಅಂಕಿ 50 ಎಂದು ತೋರಿಸಿ ಪಂಪು ನಿಂತಾಗ ಗಾಲಿಯೊಳಗೆ 50 ಇರುವುದಿಲ್ಲ. ಇದು ಪಂಪಿನ ದೋಷವಲ್ಲ, ವಾಲ್ವಿನ ಸ್ವಭಾವ. ಬ್ಯಾಟರಿ ಪಂಪನ್ನೇ ಬಳಸಬೇಕೆನ್ನುವವರು ಮುಂದಿನ ಸಲ ಟ್ಯೂಬು ಬದಲಿಸುವಾಗ, ರಿಮ್ಮಿನ ತೂತು ಒಪ್ಪುವುದಾದರೆ, ಶ್ರೇಡರ್ ವಾಲ್ವಿನ ಟ್ಯೂಬನ್ನು ಹಾಕಿಸುವುದು ಮೇಲು. ಅಲ್ಲಿಯವರೆಗೆ ಹೆಬ್ಬೆರಳಿನಿಂದ ಒತ್ತಿ ನೋಡುವ ಹಳೆಯ ಪರೀಕ್ಷೆಯನ್ನೂ, ಸವಾರನು ಕುಳಿತಾಗ ಹಿಂದಿನ ಟೈರು ಎಷ್ಟು ಅಗಲವಾಗುತ್ತದೆಂದು ನೋಡುವ ಪರೀಕ್ಷೆಯನ್ನೂ ಬಿಡಬಾರದು.

ಕೈಯ ಬಲ, ನಳಿಗೆಯ ಗಾತ್ರ

ಇನ್ನು ಪಂಪುಗಳು. ನಿಂತು ಎರಡು ಕೈಯಿಂದ ಒತ್ತುವ ದೊಡ್ಡ ಪಂಪು ಒಂದು ಒತ್ತಿಗೆ ಸುಮಾರು 300 ಮಿಲಿಲೀಟರು ಹವೆಯನ್ನು ಸಾಗಿಸುತ್ತದೆ. ಸಾದಾ ಸೈಕಲ್ಲಿನ ಬರಿದಾದ ಗಾಲಿ ಮೂವತ್ತು ಮೂವತ್ತೈದು ಒತ್ತುಗಳಲ್ಲಿ ತುಂಬುತ್ತದೆ. ಚೌಕಟ್ಟಿಗೆ ಸಿಕ್ಕಿಸುವ ಕಿರಿಯ ಪಂಪು ಒಂದು ಒತ್ತಿಗೆ 40-50 ಮಿಲಿಲೀಟರನ್ನು ಮಾತ್ರ ಸಾಗಿಸುವುದರಿಂದ ಅದೇ ಕೆಲಸಕ್ಕೆ ಇನ್ನೂರಕ್ಕೂ ಮೀರಿದ ಒತ್ತುಗಳು ಬೇಕು. ಹಾಗೆಂದು ಕಿರಿಯದು ಹೀನವೆಂದೂ ಹಿರಿಯದು ಶ್ರೇಷ್ಠವೆಂದೂ ತೀರ್ಮಾನಿಸುವುದು ಆತುರವಾದೀತು. ನಳಿಗೆಯ ಒಳವ್ಯಾಸ 32 ಮಿಲಿಮೀಟರು ಇದ್ದರೆ 50 ಪಿಎಸ್‌ಐ ಒತ್ತಡವನ್ನು ಎದುರಿಸಿ ಒತ್ತಲು ಸುಮಾರು 28 ಕಿಲೋಗ್ರಾಂ ಭಾರದಷ್ಟು ಬಲ ಬೇಕು; 90 ಪಿಎಸ್‌ಐಗೆ ಅದು 50 ಕಿಲೋಗ್ರಾಂ ದಾಟುತ್ತದೆ. ನಳಿಗೆಯ ವ್ಯಾಸ 20 ಮಿಲಿಮೀಟರಾದರೆ 50 ಪಿಎಸ್‌ಐಗೆ ಸುಮಾರು 11 ಕಿಲೋಗ್ರಾಂ ಬಲ ಸಾಕು. ನಲವತ್ತು ಕಿಲೋಗ್ರಾಂ ತೂಕದ ಶಾಲಾ ಬಾಲಕಿ ದೊಡ್ಡ ಪಂಪಿನ ಮೇಲೆ ತನ್ನ ದೇಹಭಾರವನ್ನು ಬಿಟ್ಟು ಸಾದಾ ಸೈಕಲ್ಲಿಗೆ ಹವಾ ತುಂಬಬಲ್ಲಳು, ತೆಳುಗಾಲಿಯನ್ನು ತುಂಬಲಾರಳು. ದಪ್ಪ ಗಾಲಿಗೆ ದಪ್ಪ ನಳಿಗೆ, ತೆಳು ಗಾಲಿಗೆ ತೆಳು ನಳಿಗೆ ಎಂಬುದು ನೆನಪಿಡಬೇಕಾದ ಸೂತ್ರ.

ಕೈಪಂಪಿಗೆ ಇರುವ ಪರಮಗುಣ ಒಂದುಂಟು: ಅದರಲ್ಲಿ ಬೇಗ ಹಾಳಾಗುವ ಭಾಗ ಬಹುಮಟ್ಟಿಗೆ ಒಂದೇ, ಒಳಗಿನ ವಾಸರ್. ಚರ್ಮದ ವಾಸರ್ ಒಣಗಿದಾಗ ನಾಲ್ಕು ಹನಿ ಎಣ್ಣೆ ಬಿಟ್ಟರೆ ಮತ್ತೆ ಮೃದುವಾಗಿ ಹಿಗ್ಗುತ್ತದೆ; ಸವೆದರೆ ಊರಿನ ಸೈಕಲ್ ಅಂಗಡಿಯಲ್ಲಿಯೇ ಹೊಸದು ಸಿಗುತ್ತದೆ. ವಿದ್ಯುತ್ತು ಬೇಡ, ಕಾಯುವುದು ಬೇಡ. ಮಗನಿಗೆ ತಂದೆ ಬಿಟ್ಟುಹೋಗಬಹುದಾದ ಸಾಧನ ಅದು.

ಅನಿಲದ ಗುಂಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗುಂಡಿನೊಳಗಿನ ಹದಿನಾರು ಗ್ರಾಂ ಇಂಗಾಲದ ಡೈಆಕ್ಸೈಡು ಹೊರಬಂದು ಹರಡಿದರೆ ಸುಮಾರು 9 ಲೀಟರಾಗುತ್ತದೆ. ತೆಳುಗಾಲಿಗೆ ಅದು ಧಾರಾಳ, ದಪ್ಪ ಗಾಲಿಗೆ ಸಾಲದು. ಒಮ್ಮೆ ಬಳಸಿದರೆ ಮುಗಿಯಿತು, ಆ ಅನಿಲವು ರಬ್ಬರಿನ ಮೂಲಕ ಸಾಮಾನ್ಯ ಹವೆಗಿಂತ ಬೇಗ ಸೋರಿಹೋಗುತ್ತದೆ, ಮತ್ತು ಹೊಸ ಗುಂಡು ಹಳ್ಳಿಯಲ್ಲಿ ಸಿಗುವುದಿಲ್ಲ. ಪಂದ್ಯದ ಸವಾರನಿಗೆ ಅದು ಉಪಯುಕ್ತ; ನಮ್ಮ ದಾರಿಗೆ ಹೊಂದದು.

ಬ್ಯಾಟರಿ ಪಂಪನ್ನು ಕೊಳ್ಳುವಾಗ

ಬ್ಯಾಟರಿ ಪಂಪುಗಳಲ್ಲಿ ಎರಡು ಗಾತ್ರಗಳಿವೆಯೆಂದು ಸ್ಥೂಲವಾಗಿ ಹೇಳಬಹುದು. ನೂರು ನೂರೈವತ್ತು ಗ್ರಾಂ ತೂಗುವ ಜೇಬಿನ ಪಂಪು ತೆಳುಗಾಲಿಯನ್ನು ಒಂದೆರಡು ಸಲ ತುಂಬುವ ಶಕ್ತಿಯುಳ್ಳದ್ದು. ನಾನೂರು ಐನೂರು ಗ್ರಾಂ ತೂಗುವ, ರಬ್ಬರು ಕೊಳವೆಯುಳ್ಳ ದೊಡ್ಡ ಪಂಪು ದಪ್ಪ ಗಾಲಿಗಳನ್ನು ಹಲವು ಸಲ ತುಂಬಬಲ್ಲದು. ಮನೆಯ ಮೋಟಾರು ಸೈಕಲ್ಲಿಗೂ ಒದಗುತ್ತದೆ.

ಬ್ಯಾಟರಿಯ ಶಕ್ತಿಯನ್ನು ಎಂಎಎಚ್ ಎಂಬ ಅಂಕಿಯಿಂದ ಮಾತ್ರ ತೂಗಬೇಡಿ. ಅದನ್ನು ಸಾವಿರದಿಂದ ಭಾಗಿಸಿ ವೋಲ್ಟಿನ ಅಂಕಿಯಿಂದ ಗುಣಿಸಿದರೆ ಬರುವ ವ್ಯಾಟ್-ಅವರ್ ಮಾತ್ರವೇ ನಿಜವಾದ ಶಕ್ತಿ. 400 ಎಂಎಎಚ್ ಎಂದು ಬರೆದ ಎರಡು ಪಂಪುಗಳಲ್ಲಿ ಒಂದು 3.7 ವೋಲ್ಟಿನದಾಗಿ ಇನ್ನೊಂದು 7.4 ವೋಲ್ಟಿನದಾದರೆ, ಎರಡನೆಯದರಲ್ಲಿ ಮೊದಲನೆಯದಕ್ಕಿಂತ ಎರಡರಷ್ಟು ಶಕ್ತಿಯಿದೆ.

ಹವೆಯನ್ನು ಅದುಮಿದರೆ ಕಾವು ಹುಟ್ಟುವುದು ಪ್ರಕೃತಿಧರ್ಮ. ಪುಟ್ಟ ಪಂಪು ಒಂದೆರಡು ನಿಮಿಷ ನಡೆಯುವಷ್ಟರಲ್ಲಿ ಅದರ ಲೋಹದ ಬಾಯಿ ಕೈ ಸುಡುವಷ್ಟು ಕಾಯುತ್ತದೆ. ಬಾಯನ್ನು ನೇರವಾಗಿ ವಾಲ್ವಿಗೆ ಸಿಕ್ಕಿಸುವ ಪಂಪಿಗಿಂತ ನಡುವೆ ಚಿಕ್ಕ ಕೊಳವೆಯುಳ್ಳ ಪಂಪು ಆ ಕಾರಣಕ್ಕೇ ಉತ್ತಮ: ಕೈಯನ್ನೂ ಸುಡದು, ಟ್ಯೂಬಿನ ವಾಲ್ವಿನ ಬುಡವನ್ನೂ ಅಲುಗಿಸದು. ಎಷ್ಟು ನಿಮಿಷ ನಡೆಸಿ ಎಷ್ಟು ಹೊತ್ತು ಬಿಡುವು ಕೊಡಬೇಕೆಂದು ಜೊತೆಯ ಕಾಗದದಲ್ಲಿ ಹೇಳಿರುತ್ತಾರೆ. ಅದನ್ನು ಓದಿ ಪಾಲಿಸದವನ ಪಂಪು ಬಹುಕಾಲ ಬಾಳದು.

ಸಾಧ್ಯವಾದರೆ ಸೈಕಲ್ಲನ್ನೇ ಅಂಗಡಿಗೆ ಒಯ್ದು, ಗಾಲಿಯ ಹವೆಯನ್ನು ಪೂರ್ತಿ ಬಿಟ್ಟು, ಕೊಳ್ಳಬೇಕೆಂದಿರುವ ಪಂಪಿನಿಂದಲೇ ತುಂಬಿಸಿ ನೋಡಿ. ಎಷ್ಟು ನಿಮಿಷ ಹಿಡಿಯಿತು, ಪಂಪಿನ ದೇಹ ಎಷ್ಟು ಬಿಸಿಯಾಯಿತು, ಬಾಯನ್ನು ಬಿಡಿಸುವಾಗ ಎಷ್ಟು ಹವೆ ಸೋರಿತು, ಬೇರೊಂದು ಮಾಪಕದಿಂದ ನೋಡಿದರೆ ಅಂಕಿ ಹೊಂದುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಪರೀಕ್ಷೆ ಮುಗಿದಂತೆ. ಮೊಬೈಲಿನ ಚಾರ್ಜರಿನಿಂದಲೇ ಚಾರ್ಜು ಆಗುವುದು, ಕತ್ತಲಲ್ಲಿ ವಾಲ್ವು ಕಾಣುವಂತೆ ಸಣ್ಣ ದೀಪವಿರುವುದು, ಇವು ಹಳ್ಳಿಯ ದಾರಿಯಲ್ಲಿ ನಿಜಕ್ಕೂ ನೆರವಾಗುವ ಅನುಕೂಲಗಳು.

ಬಿಸಿಲಿನ ಎಚ್ಚರ

ನಮ್ಮ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಅಪರೂಪವಲ್ಲ. ಬಿಸಿಲಿಗೆ ನಿಂತ ಕರಿಯ ಟೈರು ಅದಕ್ಕೂ ಮಿಗಿಲಾಗಿ ಕಾಯುತ್ತದೆ. ಬೆಳಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಗಾಲಿ 55 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಆರೇಳು ಪಿಎಸ್‌ಐ ಏರುತ್ತದೆ. ಟೈರಿನ ಮೇಲೆ ಹೇಳಿದ ಮಿತಿಯ ಅಂಚಿಗೆ ತುಂಬಿ ಬಿಸಿಲಿಗೆ ನಿಲ್ಲಿಸುವುದು, ಅದರಲ್ಲೂ ಪ್ಯಾಚುಗಳ ಮೇಲೆ ಪ್ಯಾಚು ಬಿದ್ದ ಹಳೆಯ ಟ್ಯೂಬಿನ ವಿಷಯದಲ್ಲಿ, ಅಪಾಯವನ್ನು ಕರೆದಂತೆ. ಬೇಸಗೆಯಲ್ಲಿ ಮಿತಿಗಿಂತ ಹತ್ತು ಪಿಎಸ್‌ಐ ಕಡಿಮೆಯಲ್ಲಿ ನಿಲ್ಲಿಸಿ. ಹಾಗೆಂದು ತೀರ ಕಡಿಮೆಯೂ ಸಲ್ಲದು. ಹವಾ ಸಾಲದ ಗಾಲಿ ಕಲ್ಲಿನ ಮೇಲೆ ಹಾಯ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳಾಗುತ್ತದೆ.

ಬ್ಯಾಟರಿ ಪಂಪಿಗೆ ಬಿಸಿಲು ಇನ್ನೂ ದೊಡ್ಡ ಶತ್ರು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗೆ ಮೀರಿದ ಕಾವಿನಲ್ಲಿ ಚಾರ್ಜು ಮಾಡಬಾರದು. ಸೈಕಲ್ಲಿನ ಚೀಲದಲ್ಲಿ ಅದನ್ನು ಇಟ್ಟು ಹೊಲದ ಬದುವಿನಲ್ಲಿ ದಿನವಿಡೀ ನಿಲ್ಲಿಸುವುದು, ಬಿಸಿಲಿನಿಂದ ತಂದೊಡನೆ ಚಾರ್ಜಿಗೆ ಹಾಕುವುದು, ಎರಡೂ ತಪ್ಪು. ಉಬ್ಬಿದ ಬ್ಯಾಟರಿಯುಳ್ಳ ಪಂಪನ್ನು ಮತ್ತೆ ಬಳಸಲೇಬಾರದು. ವಾಲ್‌ಟ್ಯೂಬಿನ ರಬ್ಬರೂ ಇದೇ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಗಾಲಿ ಮುಳ್ಳಿಲ್ಲದೆಯೇ ಪದೇ ಪದೇ ಕುಳಿತರೆ ಮೊದಲು ಸಂಶಯಪಡಬೇಕಾದುದು ಅದನ್ನು.

ಯಾರಿಗೆ ಯಾವುದು

ಇಷ್ಟನ್ನೂ ಕೂಡಿಸಿ ನೋಡಿದರೆ ನನ್ನ ನಿರ್ಣಯ ಹೀಗಿದೆ. ಹೊಲಕ್ಕೆ, ಸಂತೆಗೆ, ಹಾಲಿನ ಕ್ಯಾನು ಹೊತ್ತು ಊರಿಂದೂರಿಗೆ ಸಾದಾ ಸೈಕಲ್ಲಿನಲ್ಲಿ ಓಡಾಡುವವರಿಗೆ ಮನೆಯಲ್ಲಿ ಒಂದು ನಿಂತು ಒತ್ತುವ ಪಂಪು, ಚೌಕಟ್ಟಿಗೆ ಒಂದು ಕಿರಿಯ ಕೈಪಂಪು, ಇವೆರಡೇ ಸಾಕು. ವುಡ್ಸ್ ವಾಲ್ವಿಗೆ ಅವು ಸಹಜವಾಗಿ ಹೊಂದುತ್ತವೆ, ಬೆಲೆಯೂ ಕೆಲವು ನೂರು ರೂಪಾಯಿಗಳೊಳಗೆ ಮುಗಿಯುತ್ತದೆ. ಹುಣಸಗಿ, ಸುರಪುರ, ಶಹಾಪುರಗಳಿಂದ ಹೊರಟು ದಿನಕ್ಕೆ ಐವತ್ತು ನೂರು ಕಿಲೋಮೀಟರು ಗೇರ್ ಸೈಕಲ್ಲಿನಲ್ಲಿ ಸುತ್ತುವ ತರುಣರಿಗೆ ಕೊಳವೆಯುಳ್ಳ, ಮಾಪಕವುಳ್ಳ ಬ್ಯಾಟರಿ ಪಂಪು ನಿಜವಾದ ಉಪಕಾರಿ. ಆದರೂ ಚಾರ್ಜು ತೀರಿದ ದಿನಕ್ಕೆಂದು ಕೈಪಂಪೊಂದು ಜೊತೆಗಿರಲಿ. ವಯಸ್ಸಾದವರಿಗೆ, ಕೈಯಲ್ಲಿ ಬಲ ಸಾಲದವರಿಗೆ, ಮನೆಯಲ್ಲಿ ಮೋಟಾರು ಸೈಕಲ್ಲೂ ಇರುವವರಿಗೆ ದೊಡ್ಡ ಬ್ಯಾಟರಿ ಪಂಪು ಯುಕ್ತ. ಜೇಬಿನ ಪಂಪು ತೆಳುಗಾಲಿಯವರಿಗೆ ಮಾತ್ರ.

ಪಂಪು ಯಾವುದೇ ಇರಲಿ, ಅದರ ಜೊತೆಯಲ್ಲಿ ಪ್ಯಾಚು, ಸೊಲ್ಯೂಷನ್, ಟೈರು ಬಿಚ್ಚುವ ಎರಡು ಪಟ್ಟಿ, ಒಂದು ಗೇಣು ವಾಲ್‌ಟ್ಯೂಬು ಇರಲೇಬೇಕು. ಹವಾ ತುಂಬುವ ಮುನ್ನ ಟೈರಿನ ಒಳಮೈಯನ್ನು ಸುತ್ತಲೂ ಎಚ್ಚರಿಕೆಯಿಂದ ತಡವಿ ಮುಳ್ಳಿನ ತುದಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಉಳಿದ ಮುಳ್ಳು ಹೊಸ ಟ್ಯೂಬನ್ನೂ ಬಿಡುವುದಿಲ್ಲ.

ಕೊನೆಯದಾಗಿ ಊರಿನ ಹಿರಿಯರಲ್ಲಿಯೂ ಶಾಲೆಗಳ ಗುರುಗಳಲ್ಲಿಯೂ ಒಂದು ಬಿನ್ನಹ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಉಚಿತ ಸೈಕಲ್ಲು ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆಯಿತು. ಆ ಸೈಕಲ್ಲುಗಳು ಎಷ್ಟೋ ಹೆಣ್ಣುಮಕ್ಕಳನ್ನು ತಮ್ಮ ಊರಿನಿಂದ ಹೈಸ್ಕೂಲಿನ ಬಾಗಿಲಿಗೆ ಒಯ್ದವು. ಹವಾ ಇಲ್ಲದೆ ಗೋಡೆಗೆ ಒರಗಿ ನಿಂತ ಸೈಕಲ್ಲು ಯಾರನ್ನೂ ಎಲ್ಲಿಗೂ ಒಯ್ಯಲಾರದು. ಪ್ರತಿಯೊಂದು ಶಾಲೆಯ ಪಡಸಾಲೆಯಲ್ಲಿ ಒಂದು ನಿಂತು ಒತ್ತುವ ಪಂಪು, ಒಂದು ಮಾಪಕ, ಒಂದು ಪಂಚರ್ ಪೆಟ್ಟಿಗೆ ಇರಿಸಿ, ಮಕ್ಕಳಿಗೆ ಅದನ್ನು ಬಳಸುವುದನ್ನು ಕಲಿಸಿಕೊಡಿ. ಅದಕ್ಕೆ ತಗಲುವ ವೆಚ್ಚ ಅಲ್ಪ. ಮುಳ್ಳಿನ ದಾರಿಯಲ್ಲಿ ಬರುವ ಮಗು ಸಂಜೆ ಸೈಕಲ್ಲು ತಳ್ಳದೆ, ತುಳಿದುಕೊಂಡೇ ಮನೆ ಸೇರುತ್ತದೆ.